ಮದರಂಗಿ ಕಪ್ಪಾಗಿಸುವುದಿಲ್ಲ: ನರೆಗೂದಲಿಗೆ ಮನೆಯಲ್ಲೇ ಬಣ್ಣ ಹಚ್ಚುವ ಮುನ್ನ

ಕಿರಾಣಿ ಅಂಗಡಿಗಳಲ್ಲಿ ಸರವಾಗಿ ತೂಗುಹಾಕಿರುವ 'ಕಪ್ಪು ಮೆಹಂದಿ' ಸ್ಯಾಶೆಗಳನ್ನು ನೋಡಿರುತ್ತೀರಿ. ಮುಂದುಗಡೆ ಹಸಿರು ಎಲೆಯ ಚಿತ್ರ. ಹಿಂದುಗಡೆ ಕನ್ನಡಕ ಹಾಕಿದರೂ ಓದಲಾಗದಷ್ಟು ಸಣ್ಣ ಅಕ್ಷರ. ಅರ್ಧ ಗಂಟೆ ಹಚ್ಚಿಕೊಂಡರೆ ಸಾಕು, ಬಿಳಿಕೂದಲು ಕಡುಗಪ್ಪು. ಆದರೆ ಮದರಂಗಿ ಎಲೆಗೆ ಕೂದಲನ್ನು ಕಪ್ಪು ಮಾಡುವ ಗುಣವೇ ಇಲ್ಲ. ಅನುಮಾನವಿದ್ದರೆ ಹಬ್ಬದ ದಿನ ಮಕ್ಕಳ ಅಂಗೈ ನೋಡಿ. ಮೊದಲು ಕಿತ್ತಳೆ, ಆಮೇಲೆ ಕೆಂಗಂದು. ಅಂಗೈಯ ಮೇಲ್ಪದರವೂ ಕೂದಲೂ ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದವು. ಅಲ್ಲಿ ಕಿತ್ತಳೆ ಬಣ್ಣ ಕೊಡುವ ಎಲೆ ಇಲ್ಲಿ ಕಪ್ಪು ಹೇಗೆ ಕೊಟ್ಟೀತು?

ಅರ್ಧ ಗಂಟೆಯಲ್ಲಿ ತಲೆ ಕಪ್ಪಾಯಿತು ಎಂದರೆ ಪ್ಯಾಕೆಟ್ಟಿನೊಳಗೆ ಇನ್ನೇನೋ ಇದೆ ಎಂದೇ ಅರ್ಥ. ಅದೇನು ಎಂಬುದಕ್ಕೆ ಆಮೇಲೆ ಬರೋಣ. ಕೂದಲು ಬೆಳ್ಳಗಾಗುವುದು ಯಾಕೆ ಅಂತ ಮೊದಲು ನೋಡೋಣ. ಅದು ಗೊತ್ತಾದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ತಲೆಯ ಮೇಲೆ ಕಾಣುವ ಕೂದಲಿಗೆ ಜೀವವಿಲ್ಲ. ಬಣ್ಣ ತುಂಬುವ ಕೆಲಸ ನಡೆಯುವುದು ಚರ್ಮದೊಳಗೆ, ಬುಡದಲ್ಲಿ. ಅಲ್ಲಿನ ಮೆಲನೊಸೈಟ್ ಎಂಬ ಜೀವಕೋಶಗಳು ಮೆಲನಿನ್ ತಯಾರಿಸಿ ಬೆಳೆಯುತ್ತಿರುವ ಕೂದಲಿಗೆ ಸೇರಿಸುತ್ತವೆ. ಇವು ಸವೆದಾಗ ಹೊಸದನ್ನು ಒದಗಿಸಲು ಪಕ್ಕದಲ್ಲೇ ಒಂದಷ್ಟು ಕಾಂಡಕೋಶಗಳಿರುತ್ತವೆ. ವಯಸ್ಸಾದಂತೆ ಆ ದಾಸ್ತಾನು ಖಾಲಿಯಾಗುತ್ತಾ ಬರುತ್ತದೆ. ಕೆಲವೊಮ್ಮೆ ಕೋಶಗಳು ಇದ್ದೂ ಕೆಲಸಕ್ಕೆ ಬರುವುದಿಲ್ಲ. 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನೇ ಕಂಡರು: ಕಾಂಡಕೋಶಗಳು ಓಡಾಡಬೇಕಾದ ಜಾಗದಲ್ಲಿ ಸಿಕ್ಕಿಹಾಕಿಕೊಂಡು, ಬಣ್ಣ ತಯಾರಿಸುವ ಕೋಶಗಳಾಗಿ ಬದಲಾಗುವುದನ್ನೇ ನಿಲ್ಲಿಸಿದ್ದವು.

ಹಾಗಾಗಿ ಈಗಾಗಲೇ ಬೆಳ್ಳಗೆ ಹೊರಬಂದ ಕೂದಲನ್ನು ಯಾವ ಎಣ್ಣೆಯೂ ಕಪ್ಪಾಗಿಸಲಾರದು. ಗರಗದ ಸೊಪ್ಪಿನ ಎಣ್ಣೆ ತಲೆಗೆ ತಂಪು, ಕೂದಲಿಗೆ ಹೊಳಪು ಕೊಟ್ಟೀತು. ಅಷ್ಟಕ್ಕೆ ಎಷ್ಟು ದುಡ್ಡು ಕೊಡಬಹುದೋ ಅಷ್ಟೇ ಕೊಡಿ. ಒಂದು ಬಿಳಿಕೂದಲು ಕಿತ್ತರೆ ಹತ್ತು ಹುಟ್ಟುತ್ತವೆ ಎಂಬುದೂ ಸುಮ್ನೆ ಮಾತು. ಒಂದೊಂದು ಕೂದಲಿನ ಬುಡದ ಲೆಕ್ಕವೂ ಬೇರೆ ಬೇರೆ. ಟೆನ್ಷನ್‌ಗೂ ನರೆಗೂ ನಂಟಿರುವುದು ಮಾತ್ರ ನಿಜ. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನರ ಕೂದಲನ್ನು ಎಳೆ ಎಳೆಯಾಗಿ ಪರೀಕ್ಷಿಸಿದ್ದರು. ಒಬ್ಬರ 5 ಕೂದಲುಗಳು ರಜೆಯ ದಿನಗಳಲ್ಲಿ ಮತ್ತೆ ಬಣ್ಣ ಪಡೆದಿದ್ದವು! ಅಂದಹಾಗೆ ಅದು ಹೊಸದಾಗಿ ಬೆಳೆದ ಭಾಗಕ್ಕೆ ಬಂದ ಬಣ್ಣ. ಐದೇ ಕೂದಲಿಗಾಗಿ ಕೆಲಸಕ್ಕೆ ರಾಜೀನಾಮೆ ಕೊಡಬೇಕಿಲ್ಲ ಬಿಡಿ. ಇಪ್ಪತ್ತೈದು ತುಂಬುವ ಮೊದಲೇ ನರೆ ಜಾಸ್ತಿಯಾದರೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಹುಪಾಲು ಜನರಿಗೆ ಇದು ಅಪ್ಪ ಅಮ್ಮನಿಂದ ಬಂದದ್ದು.

ಈಗ ಮದರಂಗಿಗೆ ಬರೋಣ. ಅದರ ಎಲೆಯಲ್ಲಿ ಲಾಸೋನ್ ಎಂಬ ಕೆಂಪು-ಕಿತ್ತಳೆ ಬಣ್ಣದ ಪದಾರ್ಥವಿದೆ. ಪುಡಿಯನ್ನು ನೀರಲ್ಲಿ ಕಲಸಿ ಬಿಟ್ಟಾಗ ಅದು ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಆಮೇಲೆ ಕೆರಾಟಿನ್ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೇ ಎಷ್ಟು ತೊಳೆದರೂ ಹೋಗುವುದಿಲ್ಲ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಹಚ್ಚುವ ನಮ್ಮ ರೂಢಿಗೆ ಇದೇ ಕಾರಣ. ಸ್ವಲ್ಪ ನಿಂಬೆರಸ ಹಿಂಡುವುದೂ ಸರಿಯೇ, ಹುಳಿಯಿದ್ದರೆ ಲಾಸೋನ್ ಬೇಗ ಹಾಳಾಗುವುದಿಲ್ಲ. ಆದರೆ ಮೊಟ್ಟೆ, ಮೊಸರು? ಲಾಸೋನ್ ಹುಡುಕುವುದೇ ಪ್ರೋಟೀನನ್ನು. ಬಟ್ಟಲಲ್ಲೇ ಮೊಟ್ಟೆ ಸಿಕ್ಕಿದರೆ ಅಲ್ಲೇ ಅಂಟಿಕೊಳ್ಳುತ್ತದೆ, ಕೂದಲಿಗೆ ಉಳಿಯುವುದು ಕಡಿಮೆ. ಮೊಟ್ಟೆಯನ್ನು ಆಮ್ಲೆಟ್‌ಗೆ ಇಟ್ಟುಕೊಳ್ಳಿ.

ಕಬ್ಬಿಣದ ಬಾಣಲೆಯ ವಿಷಯ ಹಾಗಲ್ಲ. ಚಹಾ ಡಿಕಾಕ್ಷನ್, ನೆಲ್ಲಿಕಾಯಿ ಪುಡಿ ಹಾಕಿ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸುವ ಅಜ್ಜಿಯರ ಕ್ರಮದ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿದೆ. ಚಹಾ, ನೆಲ್ಲಿ ಎರಡರಲ್ಲೂ ಒಗರು ಕೊಡುವ ಟ್ಯಾನಿನ್ ಇದೆ. ಹುಳಿಗೆ ಬಾಣಲೆಯಿಂದ ಒಂದಿಷ್ಟು ಕಬ್ಬಿಣ ಕರಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿ, ಗಾಳಿ ತಾಗಿದರೆ ಕಡುಕಪ್ಪು. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಅನ್ನಭೇದಿ ಎಂದರೆ ಕಬ್ಬಿಣದ ಒಂದು ಲವಣ ತಾನೇ? ಹೀಗೆ ಮಾಡಿದಾಗ ಮದರಂಗಿಯ ಕಿತ್ತಳೆ ಸ್ವಲ್ಪ ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟೇ, ಕಪ್ಪಾಗುವುದಿಲ್ಲ. ಈ ಶಾಯಿಯ ಒಂದು ಪಾಲು ನಾಲ್ಕು ಸ್ನಾನಕ್ಕೆ ತೊಳೆದೂ ಹೋಗುತ್ತದೆ.

ಗಿಡದಿಂದಲೇ ಕಪ್ಪು ಬೇಕು ಎನ್ನುವವರಿಗೆ ನೀಲಿ ಗಿಡದ ಎಲೆಪುಡಿ ಇದೆ. ಅಂಗಡಿಯಲ್ಲಿ ಇಂಡಿಗೋ ಪುಡಿ ಅಂತಲೇ ಕೇಳಿ. ಬ್ರಿಟಿಷರ ಕಾಲದಲ್ಲಿ ರೈತರಿಂದ ಬಲವಂತವಾಗಿ ಬೆಳೆಸುತ್ತಿದ್ದ, 1917ರಲ್ಲಿ ಗಾಂಧೀಜಿಯನ್ನು ಚಂಪಾರಣ್‌ಗೆ ಕರೆಸಿದ ಬೆಳೆಯೇ ಇದು. ಎಲೆಯಲ್ಲಿರುವಾಗ ಇದರ ಬಣ್ಣ ಕಾಣುವುದಿಲ್ಲ. ನೀರು ತಾಗಿದ ಮೇಲೆ ಒಡೆದು, ಗಾಳಿಯ ಆಮ್ಲಜನಕ ಸೇರಿ ನೀಲಿಯಾಗುತ್ತದೆ. ಮೊದಲು ಮದರಂಗಿ ಹಚ್ಚಿ ಕೂದಲನ್ನು ಕೆಂಪಾಗಿಸಿ, ಅದರ ಮೇಲೆ ಈ ನೀಲಿ ಕೂರಿಸಿದರೆ ಎರಡೂ ಸೇರಿ ಗಾಢ ಕಂದು ಅಥವಾ ಕಪ್ಪಾಗಿ ಕಾಣುತ್ತದೆ. ಇದರ ಸ್ವಭಾವ ಮಾತ್ರ ಮದರಂಗಿಗೆ ತದ್ವಿರುದ್ಧ. ಬರೀ ನೀರಲ್ಲಿ ಕಲಸಬೇಕು, ನಿಂಬೆರಸ ಬೇಡ. ಹತ್ತು ಹದಿನೈದು ನಿಮಿಷದೊಳಗೆ ಹಚ್ಚಲು ಶುರು ಮಾಡಬೇಕು. ರಾತ್ರಿಯಿಡೀ ನೆನೆಸಿದರೆ ನೀಲಿಯೆಲ್ಲ ಬಟ್ಟಲಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ, ಕೂದಲಿಗೆ ಹಿಡಿಯುವುದಿಲ್ಲ. "ಇಂಡಿಗೋ ನನಗೆ ಹತ್ತಲೇ ಇಲ್ಲ" ಅನ್ನುವವರಲ್ಲಿ ಹಲವರು ಎಡವುವುದು ಇಲ್ಲೇ. ತೊಳೆದ ತಕ್ಷಣ ಹಸಿರು ಛಾಯೆ ಕಂಡರೆ ಗಾಬರಿಯಾಗಬೇಡಿ. ಒಂದೆರಡು ದಿನ ಶ್ಯಾಂಪೂ ಹಾಕದೆ ಬಿಟ್ಟರೆ ಬಣ್ಣ ಕೂರುತ್ತದೆ. ಅರ್ಧ ಭಾನುವಾರವೇ ಬೇಕಾಗುವ ಕೆಲಸ, ನಿಜ. ದುಡ್ಡು ಉಳಿದರೂ ಸಮಯ ಉಳಿಯುವುದಿಲ್ಲ.

ಅರ್ಧ ಗಂಟೆಯಲ್ಲಿ ಕಪ್ಪು ಮಾಡುವ ಪುಡಿಯಲ್ಲಿರುವುದು ಸಾಮಾನ್ಯವಾಗಿ ಪ್ಯಾರಾ-ಫಿನೈಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಪಾರ್ಲರಿನ ದುಬಾರಿ ಕಪ್ಪು ಡೈನಲ್ಲೂ ಇರುವುದು ಇದೇ ಅಥವಾ ಇದರ ಹತ್ತಿರದ ಸಂಬಂಧಿ. ಮೊದಲು ಇದಕ್ಕೆ ಬಣ್ಣವಿಲ್ಲ, ಅಣುವೂ ಚಿಕ್ಕದು, ಸಲೀಸಾಗಿ ಕೂದಲೊಳಗೆ ನುಗ್ಗುತ್ತದೆ. ಜೊತೆಗಿರುವ ಪೆರಾಕ್ಸೈಡ್ ಒಳಗಡೆಯೇ ಈ ಅಣುಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಬಿಡಿ ಭಾಗಗಳನ್ನು ಕೋಣೆಗೆ ಒಯ್ದು ಒಳಗೇ ಮಂಚ ಜೋಡಿಸಿದ ಹಾಗೆ. ಜೋಡಿಸಿದ ಮೇಲೆ ಅದು ಬಾಗಿಲಲ್ಲಿ ಹಿಡಿಸುವುದಿಲ್ಲ, ಒಳಗೇ ಉಳಿಯುತ್ತದೆ. ಕ್ರೀಮ್ ಡೈನಲ್ಲಿ ಪೆರಾಕ್ಸೈಡ್ ಬೇರೆ ಟ್ಯೂಬಿನಲ್ಲಿ ಬರುತ್ತದೆ. ನೀರಲ್ಲಿ ಕಲಸುವ ಪುಡಿಗಳಲ್ಲಿ ಬೇರಿಯಂ ಪೆರಾಕ್ಸೈಡ್ ಅಥವಾ ಸೋಡಿಯಂ ಪರ್ಬೊರೇಟ್‌ನಂಥವು ಪುಡಿಯಲ್ಲೇ ಇರುತ್ತವೆ, ನೀರು ಬಿದ್ದಾಗ ಕೆಲಸಕ್ಕಿಳಿಯುತ್ತವೆ. ಹಾಗಾಗಿ ಕಪ್ಪು ಬಣ್ಣದ ಮಟ್ಟಿಗೆ ದೊಡ್ಡ ಡಬ್ಬಿಗೂ ಸ್ಯಾಶೆಗೂ ಬೆಲೆಯಲ್ಲಿ ಇರುವಷ್ಟು ಅಂತರ ಕೆಲಸದಲ್ಲಿಲ್ಲ. 'ಅಮೋನಿಯಾ ಇಲ್ಲ' ಎಂದು ಬರೆದಿದ್ದರೆ ಘಾಟು ಕಡಿಮೆ ಎಂದಷ್ಟೇ ತಿಳಿಯಿರಿ. ಪಿಪಿಡಿ ಇಲ್ಲ ಅಂತಲ್ಲ.

ಪಿಪಿಡಿ ಎಲ್ಲರಿಗೂ ವಿಷ ಎಂದು ನಾನು ಹೇಳುವುದಿಲ್ಲ. ಕೋಟ್ಯಂತರ ಜನ ಹಚ್ಚುತ್ತಾರೆ, ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಅಲರ್ಜಿ. ತುರಿಕೆ, ಗುಳ್ಳೆ, ಕಣ್ಣು ಮುಚ್ಚಿಹೋಗುವಷ್ಟು ಮುಖ ಊದುವುದು. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು, ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ. ನನ್ನ ತಕರಾರು ಇರುವುದು ಎಲೆಯ ಚಿತ್ರದ ಬಗ್ಗೆ. ಡೈ ಅಂದರೆ ಜನ ಹುಷಾರಾಗಿರುತ್ತಾರೆ. ಮೆಹಂದಿ ಅಂದರೆ ಗೆರೆ ಎಳೆದು ಮಕ್ಕಳ ಕೈಗೂ ಹಚ್ಚಿಬಿಡುತ್ತಾರೆ. ಹಚ್ಚುವುದಕ್ಕೆ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡುವುದು ಬಿಟ್ಟಿ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಹುಬ್ಬಿಗಂತೂ ಬೇಡವೇ ಬೇಡ, ಕಣ್ಣಿಗೆ ಅಪಾಯ. ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು, ಹಾಗಾಗಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಉಳಿತಾಯದ ಇನ್ನೊಂದು ದಾರಿ ಇದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೊಸದಾಗಿ ಬೆಳ್ಳಗೆ ಕಾಣುವುದು ಅಷ್ಟೇ. ಬೈತಲೆ, ಕಿವಿಯ ಮುಂದೆ, ಹಣೆಯ ಅಂಚು, ಇಲ್ಲಿ ಬುಡಕ್ಕೆ ಮಾತ್ರ ಹಚ್ಚಿದರೆ ಅರ್ಧ ಪುಡಿ ಉಳಿಯುತ್ತದೆ. ಪ್ರತಿ ಸಲ ತುದಿಯವರೆಗೂ ಬಳಿಯುವುದರಿಂದ ಕೂದಲು ಒರಟಾಗುತ್ತದೆ, ಅಷ್ಟೇ ಲಾಭ. ಉಳಿದ ಒಣ ಪುಡಿಯನ್ನು ಗಾಳಿಯಾಡದ ಹಾಗೆ ಕಟ್ಟಿಡಬಹುದು. ಕಲಸಿದ್ದನ್ನು ಮಾತ್ರ ಎಸೆಯಲೇಬೇಕು.

ಬಣ್ಣವೇ ಬೇಡ ಎಂದು ನಿಲ್ಲಿಸುವವರಿಗೂ ಇದೇ ಲೆಕ್ಕ. ಗಂಡಸರಿಗೆ ಎರಡು ಮೂರು ಕಟಿಂಗ್‌ನಲ್ಲಿ ಮುಗಿಯುತ್ತದೆ. 30 ಸೆಂಟಿಮೀಟರ್ ಉದ್ದದ ಜಡೆಗೆ ಎರಡೂವರೆ ವರ್ಷ. ನಡುವೆ ಕಪ್ಪು ಬಿಳುಪಿನ ಗೆರೆ ಎದ್ದು ಕಾಣುತ್ತದೆ, ಬಹಳ ಜನ ಸೋಲುವುದು ಅಲ್ಲೇ. ಕೂದಲು ಗಿಡ್ಡ ಮಾಡಿಸಿದರೆ ಕಾಯುವುದು ಕಡಿಮೆಯಾಗುತ್ತದೆ. ಬೈತಲೆಯನ್ನು ನೇರ ತೆಗೆಯದೆ ಅಂಕುಡೊಂಕಾಗಿ ತೆಗೆದರೆ ಗೆರೆ ಮರೆಯಾಗುತ್ತದೆ. ಗೆರೆ ಕಾಣದಿರಲೆಂದು ಮೇಲಿನಿಂದ ಮದರಂಗಿ ಹಚ್ಚಬೇಡಿ, ಬಿಳಿಯ ಭಾಗ ಕಿತ್ತಳೆಯಾಗಿ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ.

ಪೂರ್ತಿ ಬೆಳ್ಳಗಾದ ಮೇಲೂ ಕೆಲವರ ಕೂದಲು ಹಳದಿಗೆ ತಿರುಗುತ್ತದೆ. ಮೆಲನಿನ್ ಇಲ್ಲದ ಕೂದಲಿಗೆ ಬಿಸಿಲಿನಿಂದ ರಕ್ಷಣೆ ಕಡಿಮೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಜಾಸ್ತಿಯಿದ್ದರೆ ಅದೂ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ನೇರಳೆ ಶ್ಯಾಂಪೂ ಹಳದಿಯನ್ನು ತೆಗೆಯುವುದಿಲ್ಲ, ಅದರ ಮೇಲೆ ಒಂದು ಚೂರು ನೇರಳೆ ಬಳಿದು ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಬಿಳಿ ಪಂಚೆಗೆ ನೀಲಿ ಹಾಕುವುದೂ ಇದೇ ತತ್ವ. ಹಾಗಂತ ಬಟ್ಟೆಯ ನೀಲಿಯನ್ನೇ ತಲೆಗೆ ಸುರಿದುಕೊಳ್ಳಬೇಡಿ. ಬಿಸಿಲಿಗೆ ಹೋಗುವಾಗ ಒಂದು ಟೋಪಿ ಅಥವಾ ತಲೆಯ ಮೇಲೆ ಸೆರಗು ಇದ್ದರೆ ಆ ಶ್ಯಾಂಪೂವೂ ಅಪರೂಪಕ್ಕೆ ಸಾಕಾಗುತ್ತದೆ.