ಫಾಂಟ್ ಕಳಿಸಿದರೆ ಸರಿಹೋಗುವುದಿಲ್ಲ

ತುಮಕೂರಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧಪಡಿಸುವ ಕೆಲಸ ಮಾಡುವವರಿಗೆ ದಿನ ಬಿಟ್ಟು ದಿನ ಕೇಳಿಬರುವ ದೂರು ಒಂದಿದೆ. "ಸಾರ್, ನೀವು ಕಳಿಸಿದ ಫೈಲ್ ಕೆಟ್ಟುಹೋಗಿದೆ. ಕನ್ನಡ ಹೋಗಿ ಏನೇನೋ ಇಂಗ್ಲಿಷ್ ಅಕ್ಷರ ಬಂದಿದೆ." ಫೈಲ್ ಕೆಟ್ಟಿರುವುದಿಲ್ಲ. ವೈರಸ್ಸೂ ಬಂದಿರುವುದಿಲ್ಲ. ಸಂಘವೊಂದರ ಕಾರ್ಯದರ್ಶಿಯೊಬ್ಬರು ವೈರಸ್ ಎಂದೇ ನಂಬಿ, ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಸಿ, ಹತ್ತು ವರ್ಷದ ಲೆಕ್ಕಪತ್ರ ಕಳೆದುಕೊಂಡು, ಆಮೇಲೆ ನನ್ನ ಹತ್ತಿರ ಬಂದರು. ಅವರ ಆಹ್ವಾನ ಪತ್ರಿಕೆಯ ಫೈಲ್ ಮಾತ್ರ ಪೆನ್ ಡ್ರೈವಿನಲ್ಲಿ ಮೊದಲು ಹೇಗಿತ್ತೋ ಹಾಗೆಯೇ ಇತ್ತು.

ದೂರಿನ ಹಿಂದೆಯೇ ಬರುವ ಇನ್ನೊಂದು ಮಾತು ನನಗೆ ಹೆಚ್ಚು ಸಿಟ್ಟು ತರಿಸುತ್ತದೆ: "ಫಾಂಟ್ ಕಳಿಸಿಬಿಡಿ, ಸರಿಹೋಗುತ್ತದೆ." ಗಿರಾಕಿಗಳು ಹೇಳಿದರೆ ಸಹಿಸಿಕೊಳ್ಳಬಹುದು. ಆರು ತಿಂಗಳ ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಕೆಲಸಕ್ಕೆ ಬರುವ ಹುಡುಗ ಹುಡುಗಿಯರೂ ಇದನ್ನೇ ಹೇಳುತ್ತಾರೆ. ಲೋಗೋ ಮಾಡಲು ಬರುತ್ತದೆ, ರೀಲ್ಸ್ ಎಡಿಟ್ ಮಾಡಲು ಬರುತ್ತದೆ. ಆದರೆ ತಾವು ಟೈಪ್ ಮಾಡಿದ ಕನ್ನಡ ಫೈಲಿನೊಳಗೆ ಕನ್ನಡವಾಗಿಯೇ ಇದೆಯೇ ಎಂದು ಕೇಳಿದರೆ ನನ್ನ ಮುಖ ನೋಡುತ್ತಾರೆ.

ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಜಗತ್ತಿನ ಭಾಷೆಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ಪಟ್ಟಿಯೇ ಯೂನಿಕೋಡ್. ಅದರಲ್ಲಿ 'ಕ' ಎಂದರೆ 3221. ಜಗತ್ತಿನ ಯಾವ ಮೊಬೈಲಿಗೆ ಹೋದರೂ 3221 ಎಂದರೆ ಕನ್ನಡದ 'ಕ'ವೇ ಹೊರತು ಬೇರೇನೂ ಅಲ್ಲ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಅದೇ 'ಕ' ಎರಡು ಸಂಖ್ಯೆಗಳಾಗಿ ಕುಳಿತಿರುತ್ತದೆ: 80 ಮತ್ತು 192. ಇವುಗಳಲ್ಲಿ 80 ನಿಜವಾಗಿ ಇಂಗ್ಲಿಷಿನ ದೊಡ್ಡ 'ಪಿ', 192 ಎಂದರೆ ತಲೆಯ ಮೇಲೆ ಗೀಟು ಹೊತ್ತ ದೊಡ್ಡ 'ಎ'. ನುಡಿ ಫಾಂಟ್ ಆ 'ಪಿ'ಯ ಜಾಗದಲ್ಲಿ ತಲೆಕಟ್ಟಿಲ್ಲದ 'ಕ'ದ ಚಿತ್ರವನ್ನೂ ಗೀಟಿನ 'ಎ' ಜಾಗದಲ್ಲಿ ತಲೆಕಟ್ಟಿನ ಚಿತ್ರವನ್ನೂ ಇಟ್ಟಿದೆ. ನಮ್ಮ ಕಣ್ಣಿಗೆ 'ಕ' ಕಾಣುತ್ತದೆ, ಕಂಪ್ಯೂಟರಿಗೆ ಅದು ಇಂದಿಗೂ 'ಪಿ'. ತಲೆಕಟ್ಟಿಲ್ಲದ 'ನ' ಕುಳಿತಿರುವುದು ಬ್ರಿಟಿಷ್ ಪೌಂಡಿನ ಗುರುತಿನ ಮೇಲೆ. ಕೆಟ್ಟುಹೋಯಿತು ಎಂದು ನೀವು ತೋರಿಸುವ ಫೈಲಿನಲ್ಲಿ ಸಾಲಿಗೆ ನಾಲ್ಕು ಪೌಂಡ್ ಗುರುತು ಕಾಣುವುದು ಇದಕ್ಕೇ.

ನಮ್ಮದು ಗುಬ್ಬಿ ವೀರಣ್ಣನವರ ಜಿಲ್ಲೆ, ಆದ್ದರಿಂದ ನಾಟಕದ ಭಾಷೆಯಲ್ಲೇ ಹೇಳಬಹುದು. ಹಳೆಯ ಫಾಂಟಿನ ಕನ್ನಡ ಎಂದರೆ ಬಾಡಿಗೆ ಡ್ರೆಸ್ ಹಾಕಿಕೊಂಡ ಪಾತ್ರಧಾರಿ. ಕಿರೀಟ, ಭುಜಕೀರ್ತಿ ಇರುವವರೆಗೆ ದುರ್ಯೋಧನ, ಬಿಚ್ಚಿಟ್ಟರೆ ಪಕ್ಕದ ಮನೆಯ ರಾಜಣ್ಣ. ಫಾಂಟ್ ಕಳಿಸಿ ಎಂದರೆ ನೋಡುವವರೆಲ್ಲರ ಮನೆಗೂ ಒಂದೊಂದು ಕಿರೀಟ ಕಳಿಸಿ ಎಂದಂತಾಯಿತು. ಅಲ್ಲಿಯೂ ಅದು ಡ್ರೆಸ್ಸೇ. ಒಳಗಿರುವ ರಾಜಣ್ಣ ಬದಲಾಗುವುದಿಲ್ಲ.

ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಆ ಕಾಲದ ಕಂಪ್ಯೂಟರಿನಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 256 ಜಾಗ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ತುಂಡು ತುಂಡಾಗಿ ಕತ್ತರಿಸಿ ಅಷ್ಟರಲ್ಲೇ ಹೊಂದಿಸಿದವರ ಜಾಣತನ ಸಾಮಾನ್ಯದ್ದಲ್ಲ. ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಬಂದದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ. ನಮ್ಮಂಥವರ ಅನ್ನದ ದಾರಿ ಅದು. ಹಳೆಯ ಫಾಂಟಿನ ಕನ್ನಡವನ್ನು ನಾವು 'ಆಸ್ಕಿ ಕನ್ನಡ' ಎಂದು ಕರೆಯುವುದೂ ವಾಡಿಕೆಯಷ್ಟೇ, ಇಂಗ್ಲಿಷಿಗೆಂದು ಮಾಡಿದ ಹಳೆಯ ಪಟ್ಟಿಯಾದ ನಿಜವಾದ ಆಸ್ಕಿಯಲ್ಲಿ ಇರುವುದು 128 ಸಂಕೇತಗಳು ಮಾತ್ರ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ. ನಮ್ಮ ಪ್ರೆಸ್ಸುಗಳಿಗೆ ಅದರ ಸುದ್ದಿ ಮುಟ್ಟಲು ಬಹಳ ಕಾಲ ಹಿಡಿಯಿತು. ಕೆಲವು ಕಡೆ ಇನ್ನೂ ಮುಟ್ಟಿಲ್ಲ.

ಅಚ್ಚಾಗಿ ಕೈಗೆ ಬರುವ ಕಾಗದದ ಮಟ್ಟಿಗೆ ಇದರಿಂದ ತೊಂದರೆಯೇನೂ ಇಲ್ಲ. ಮದುವೆಯ ಲಗ್ನಪತ್ರಿಕೆಯನ್ನು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ಹಳೆಯ ಫಾಂಟಿನಿಂದ ಮಾಡಿಕೊಡುವ ಹಿರಿಯರನ್ನು ನಾನು ತಿದ್ದಲು ಹೋಗುವುದಿಲ್ಲ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ನಂತರ ಹೊಸ ಆವೃತ್ತಿಯೇ ಬರಲಿಲ್ಲ. ಆದರೂ ಅವರ ಕೈ ಅದರಲ್ಲಿ ಕುದುರೆಯಂತೆ ಓಡುತ್ತದೆ. ಕಷ್ಟ ಶುರುವಾಗುವುದು ಅದೇ ಮ್ಯಾಟರ್ ಕಾಗದದಿಂದ ಆಚೆಗೆ ಹೊರಟಾಗ.

ಹೋಟೆಲಿನವರ ಸಂಗತಿ ನೋಡಿ. ಹೆದ್ದಾರಿ ಪಕ್ಕದ ಹೋಟೆಲೊಂದರ ಮಾಲೀಕರು ಮೇಜಿನ ಮೇಲಿಡುವ ಮೆನು ಕಾರ್ಡನ್ನು ಯಾರಲ್ಲೋ ಚೆನ್ನಾಗಿಯೇ ಮಾಡಿಸಿದ್ದರು. ಆಮೇಲೆ ಕ್ಯೂಆರ್ ಕೋಡ್ ಹಚ್ಚುವ ಆಸೆ ಬಂತು. ಕೌಂಟರಿನಲ್ಲಿ ಕುಳಿತುಕೊಳ್ಳುವ ಅವರ ತಂಗಿಯ ಮಗ ಹಳೆಯ ಫೈಲಿನಿಂದ ಕಾಪಿ ಮಾಡಿ ಮೊಬೈಲ್ ಮೆನುವಿಗೆ ಅಂಟಿಸಿದ. ಅವನ ಲ್ಯಾಪ್‌ಟಾಪಿನಲ್ಲಿ ನುಡಿ ಇತ್ತು, ಪುಟಕ್ಕೂ ಅದೇ ಫಾಂಟನ್ನು ಹೆಸರಿಸಿದ್ದ, ಅಲ್ಲಿ ತಟ್ಟೆ ಇಡ್ಲಿ ತಟ್ಟೆ ಇಡ್ಲಿಯಾಗಿಯೇ ಕಂಡಿತು. ಗಿರಾಕಿಯ ಮೊಬೈಲಿನಲ್ಲಿ ಪೌಂಡು, ಟೋಪಿ, ಬಾಲಗಳ ಮೆರವಣಿಗೆ. "ಅಣ್ಣಾ, ಗಿರಾಕಿಗಳಿಗೆ ಫಾಂಟ್ ಹಾಕಿಕೊಳ್ಳಲು ಹೇಳಲೇ?" ಎಂದು ಆ ಹುಡುಗ ನನ್ನನ್ನು ಕೇಳಿದ. ಇಡ್ಲಿ ತಿನ್ನಲು ಬಂದವನಿಗೆ ಫಾಂಟ್ ಹಾಕಿಕೋ ಎನ್ನುವುದೇ? ಇಡೀ ಮೆನುವನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿಸಿದೆ. ಒಂದೂವರೆ ಗಂಟೆಯ ಕೆಲಸ. ಆ ಹುಡುಗ ಈಗ ಊರಿನ ಬೇರೆ ಹೋಟೆಲುಗಳಿಗೂ ಮೆನು ಮಾಡಿಕೊಡುತ್ತಾನೆ, ನನಗೆ ಅದರಲ್ಲಿ ಸಂತೋಷವೇ.

ಕಾಣಿಸುವುದೊಂದೇ ಅಲ್ಲ, ಹುಡುಕಿದರೂ ಸಿಗುವುದಿಲ್ಲ. ಹಳೆಯ ಫಾಂಟಿನ ಮ್ಯಾಟರ್ ಗೂಗಲ್‌ನ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಕಾರಾದಿಯಾಗಿ ಜೋಡಿಸಲು ಹೋದರೆ ಹೆಸರುಗಳೆಲ್ಲ ಚೆಲ್ಲಾಪಿಲ್ಲಿ. ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶ ಅದನ್ನು ಓದಲಾರದು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವುದು, "ಕನ್ವರ್ಟರ್ ಇದೆಯಲ್ಲ?" ಹಳೆಯ ಫಾಂಟಿನ ಮ್ಯಾಟರನ್ನು ಯೂನಿಕೋಡ್‌ಗೆ ಬದಲಾಯಿಸುವ ತಂತ್ರಾಂಶ ಅದು. ಇದೆ, ನಾನೂ ಬಳಸುತ್ತೇನೆ, ಆದರೆ ಕುರುಡಾಗಿ ಅಲ್ಲ. ಅರ್ಕಾವತ್ತನ್ನೇ ತೆಗೆದುಕೊಳ್ಳಿ. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕುಳಿತಿರುತ್ತವೆ: ಮೊದಲು 'ನಾ', ಅದರ ಹಿಂದೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಬರುವ ಕ್ರಮ: ಮೊದಲು 'ರ್', ಆಮೇಲೆ 'ನಾ'. 'ಕರ್ನಾಟಕ' ಎಂಬ ಒಂದೇ ಪದದಲ್ಲಿ ಕನ್ವರ್ಟರ್ ಹಿಂದಿನದನ್ನು ಮುಂದಕ್ಕೆ ತರಬೇಕು. ಒಳ್ಳೆಯದಾದರೆ ತರುತ್ತದೆ, ಇಲ್ಲದಿದ್ದರೆ ಪದ ಮುರಿಯುತ್ತದೆ. ನಮ್ಮ ಹಳ್ಳಿಗಳ ಪೌರಾಣಿಕ ನಾಟಕದ ಕರಪತ್ರ ಮಾಡುವಾಗ ಇದರ ತಾಪತ್ರಯ ಹೇಳತೀರದು, ಏಕೆಂದರೆ ಕರ್ಣ, ಅರ್ಜುನ, ದುರ್ಯೋಧನ ಮೂವರಿಗೂ ಅರ್ಕಾವತ್ತು! ಭೀಮ ಮತ್ತು ಶಕುನಿ ಯಾವ ಕನ್ವರ್ಟರ್‌ನಲ್ಲಿ ಹಾದು ಬಂದರೂ ಕ್ಷೇಮ.

ಕನ್ವರ್ಟರ್ ಮಾಡುವ ಇನ್ನೊಂದು ಅನಾಹುತ ಇಮೇಲ್ ವಿಳಾಸದ್ದು. ಮ್ಯಾಟರಿನ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಬದಲಾಯಿಸಿಬಿಡುತ್ತದೆ. ಆದ್ದರಿಂದ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಂಡೇ ಬದಲಾಯಿಸಬೇಕು, ಬದಲಾಯಿಸಿದ್ದನ್ನು ಒಬ್ಬರು ಕುಳಿತು ಅಕ್ಷರ ಅಕ್ಷರ ಓದಬೇಕು. ಕ್ರಯಪತ್ರ, ನ್ಯಾಯಾಲಯದ ಕಾಗದ, ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಥವಾದರೆ ಕನ್ವರ್ಟರ್ ಸಹವಾಸ ಬಿಟ್ಟು ಹೊಸದಾಗಿ ಟೈಪ್ ಮಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳಬಹುದು.

ಹೊಸದಾಗಿ ಕಲಿಯುವವರ ಭಯ ಬೇರೆ. ಯೂನಿಕೋಡ್‌ಗೆ ಹೋದರೆ ಟೈಪಿಂಗನ್ನೇ ಮತ್ತೆ ಕಲಿಯಬೇಕೇನೋ ಎಂದುಕೊಳ್ಳುತ್ತಾರೆ. ಬೇಕಿಲ್ಲ. ಯಾವ ಕೀಲಿ ಒತ್ತುತ್ತೇವೆ ಎಂಬುದು ಒಂದು ವಿಷಯ, ಒತ್ತಿದ್ದು ಯಾವ ಸಂಖ್ಯೆಯಾಗಿ ಉಳಿಯುತ್ತದೆ ಎಂಬುದು ಬೇರೆಯೇ ವಿಷಯ. ಅದೇ ಕೆ.ಪಿ. ರಾವ್ ವಿನ್ಯಾಸದಲ್ಲಿ, ಅದೇ ಬೆರಳುಗಳಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ನುಡಿ ಮತ್ತು ಬರಹ ಎರಡರಲ್ಲೂ ಆ ಸೌಲಭ್ಯವಿದೆ. ಒಳ್ಳೆಯ ಫಾಂಟಿಲ್ಲ ಎಂಬ ನೆಪವೂ ಈಗ ನಡೆಯುವುದಿಲ್ಲ. ನೋಟೋ, ಬಾಲೂ ತಮ್ಮ, ನವಿಲು ಎಂಬ ಯೂನಿಕೋಡ್ ಫಾಂಟುಗಳೆಲ್ಲವೂ ಉಚಿತ. ಹಳೆಯ ಫಾಂಟುಗಳಲ್ಲಿದ್ದಷ್ಟು ಅಲಂಕಾರದ ಬಗೆಗಳು ಇನ್ನೂ ಇಲ್ಲ ಎಂದರೆ ಒಪ್ಪುತ್ತೇನೆ. ಜಾತ್ರೆಯ ಫ್ಲೆಕ್ಸ್ ಬರೆಯುವವರ ಕೊರಗು ನಿಜವಾದದ್ದೇ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಯೂನಿಕೋಡ್ ಕನ್ನಡವನ್ನು ಫೋಟೋಶಾಪ್ ಅಥವಾ ಪುಟ ವಿನ್ಯಾಸದ ಇನ್‌ಡಿಸೈನ್‌ಗೆ ಅಂಟಿಸಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತರೆ ತಪ್ಪು ನೀವು ಟೈಪ್ ಮಾಡಿದ್ದರದ್ದಲ್ಲ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಬೇಕು, ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿಯೂ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇದೆ. ಇದು ಗೊತ್ತಿಲ್ಲದೆ "ಯೂನಿಕೋಡ್ ಸರಿಯಿಲ್ಲ" ಎಂದು ಹಳೆಯದಕ್ಕೆ ಮರಳಿದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ಕೆಲಸ ಕೊಡುವವರು ಇನ್ನು "ಪಿಡಿಎಫ್ ಕಳಿಸಿದ್ದಾರೆ, ಚೆನ್ನಾಗಿಯೇ ಕಾಣುತ್ತಿದೆ" ಎಂದು ನೆಮ್ಮದಿಯಾಗಬೇಡಿ. ಪಿಡಿಎಫ್ ತನ್ನ ಹೊಟ್ಟೆಯಲ್ಲೇ ಫಾಂಟನ್ನು ಇಟ್ಟುಕೊಂಡಿರುವುದರಿಂದ ಚೆನ್ನಾಗಿ ಕಂಡೇ ಕಾಣುತ್ತದೆ. ಹಣ ಕೊಡುವ ಮೊದಲು ಮೂಲ ಮ್ಯಾಟರನ್ನು ಬೇರೆಯಾಗಿ ಕೇಳಿ ಪಡೆಯಿರಿ, ಅದರ ಒಂದು ಸಾಲನ್ನು ಕಾಪಿ ಮಾಡಿ ನಿಮ್ಮ ಮೊಬೈಲಿನಿಂದ ಮನೆಯವರಿಗೆ ವಾಟ್ಸ್‌ಆ್ಯಪ್ ಮಾಡಿ. ಅವರಿಗೆ ಅದು ಕನ್ನಡದಲ್ಲೇ ಕಂಡರೆ ಹಣ ಕೊಡಿ. ಪೌಂಡ್ ಗುರುತು ಬಂದರೆ ಫೈಲನ್ನು ವಾಪಸ್ ಕಳಿಸಿ, ಯೂನಿಕೋಡ್‌ನಲ್ಲಿ ಕೊಡಿ ಎಂದು ಕೇಳಿ. ಫಾಂಟ್ ಮಾತ್ರ ಕೇಳಬೇಡಿ.