ಗ್ವಾರಾಪೊ: ಕೆರಿಬಿಯನ್ ಬೀದಿಗಳ ಕಬ್ಬಿನ ಹಾಲು

ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಪೋರ್ಟೊರಿಕೊಗಳಲ್ಲಿ ಕಬ್ಬಿನ ಹಾಲನ್ನು ಗ್ವಾರಾಪೊ ಎನ್ನುತ್ತಾರೆ. ಅದನ್ನು ಹಿಂಡುವ ಗಾಣ ತ್ರಾಪಿಚೆ, ಮಾರುವ ಅಂಗಡಿ ಗ್ವಾರಾಪೆರಾ. ಹೆಸರುಗಳನ್ನು ಉರುಹೊಡೆಯುವುದಕ್ಕಿಂತ ಒಂದು ಪ್ರಶ್ನೆ ಹಿಡಿದು ಓದಿದರೆ ವಿಷಯ ಚೆನ್ನಾಗಿ ತಲೆಗೆ ಹತ್ತುತ್ತದೆ: ಇದನ್ನು ಗಿರಾಕಿಯ ಕಣ್ಣೆದುರೇ ಏಕೆ ಹಿಂಡಿಕೊಡುತ್ತಾರೆ?

ಮಾರುವವರು ಸಿಪ್ಪೆ ಹೆರೆದ ಜಲ್ಲೆಯನ್ನು ಉರುಳೆಗಳ ನಡುವೆ ತೂರಿಸುತ್ತಾರೆ. ಜಜ್ಜಿ ಹೊರಬಂದದ್ದನ್ನು ಮಡಚಿ ಮತ್ತೆ ಕೊಡುತ್ತಾರೆ. ಕಬ್ಬಿನ ಜೀವಕೋಶಗಳು ಒಡೆದ ಕ್ಷಣದಿಂದಲೇ ರಸ ಕೆಡಲು ಶುರುವಾಗುತ್ತದೆ. ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದ ನೆರವಿನಿಂದ ಹಸಿರು ಛಾಯೆಯ ರಸವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಜತೆಗೆ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಸುಕ್ರೋಸನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಲೋಳೆ ಉಂಟುಮಾಡುತ್ತದೆ, ಯೀಸ್ಟ್ ರಸವನ್ನು ಹುದುಗಿಸುತ್ತದೆ. ಲೋಟಕ್ಕೆ ಹಿಂಡುವ ನಿಂಬೆ ಬರೀ ರುಚಿಗಲ್ಲ. ಅದರ ಆಮ್ಲ ಕಿಣ್ವದ ಕೈ ಕಟ್ಟಿಹಾಕುತ್ತದೆ. ಮಂಜುಗಡ್ಡೆಯ ತಣ್ಪು ಕಿಣ್ವ, ಸೂಕ್ಷ್ಮಜೀವಿ ಎರಡನ್ನೂ ನಿಧಾನಗೊಳಿಸುತ್ತದೆ.

ರಸಾಯನಶಾಸ್ತ್ರವನ್ನೂ ಇತಿಹಾಸವನ್ನೂ ಬೇರೆ ಬೇರೆ ಓದುವುದು ನನಗೆ ಸರಿಕಾಣುವುದಿಲ್ಲ. ಈ ರಸದ ಆತುರವೇ ಕಬ್ಬಿನ ತೋಟಗಳಲ್ಲಿ ಗುಲಾಮರ ಮೇಲೆ ನಡೆದ ಕ್ರೌರ್ಯಕ್ಕೆ ಒಂದು ಮುಖ್ಯ ಕಾರಣ. ಕೊಲಂಬಸ್ 1493ರ ಎರಡನೆಯ ಯಾನದಲ್ಲಿ ಕಬ್ಬನ್ನು ಹಿಸ್ಪಾನಿಯೋಲಾ ದ್ವೀಪಕ್ಕೆ ತಂದ. ಇಂದಿನ ಹೈಟಿ, ಡೊಮಿನಿಕನ್ ಗಣರಾಜ್ಯಗಳಿರುವುದು ಅಲ್ಲೇ. 1640ರ ದಶಕದಲ್ಲಿ ಬಾರ್ಬಡೋಸ್ ಸಕ್ಕರೆಯ ದ್ವೀಪವಾಗತೊಡಗಿತು. ಕಡಿದ ಕಬ್ಬನ್ನು ಬೇಗನೆ ಅರೆಯಬೇಕು, ಅರೆದ ರಸವನ್ನು ಇನ್ನೂ ಬೇಗನೆ ಕಾಯಿಸಬೇಕು. ಹಾಗಾಗಿ ಗಾಣದ ಪಕ್ಕದಲ್ಲೇ ಕೊಪ್ಪರಿಗೆ ಮನೆ. ಕಟಾವಿನ ತಿಂಗಳುಗಳಲ್ಲಿ ಹಗಲು ರಾತ್ರಿ ದುಡಿತ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ನಿದ್ದೆಗೆಟ್ಟು ಜಲ್ಲೆ ತೂರಿಸುವಾಗ ಬೆರಳು ಉರುಳೆಗೆ ಸಿಕ್ಕಿದರೆ ಇಡೀ ತೋಳೇ ಒಳಗೆ ಹೋಗುತ್ತಿತ್ತು. ತೋಳನ್ನು ಕಡಿದಾದರೂ ಜೀವ ಉಳಿಸಲೆಂದು ಗಾಣದ ಬಳಿ ಕೊಡಲಿ ಇಡುತ್ತಿದ್ದ ದಾಖಲೆಗಳಿವೆ. ಇದನ್ನು ಓದದೆ ಗ್ವಾರಾಪೊ ಬಗ್ಗೆ ಬರೆಯಬಾರದು.

ಇಸವಿಗಳಲ್ಲಿ ಗೊಂದಲ ಬೇಡ. ಹೈಟಿಯ ಗುಲಾಮರ ದಂಗೆ 1791ರಲ್ಲಿ, ಸ್ವಾತಂತ್ರ್ಯ 1804ರಲ್ಲಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದತಿ ಜಾರಿಗೆ ಬಂದದ್ದು 1834ರಲ್ಲಿ, ಬಿಡುಗಡೆಯಾದವರ ಮೇಲೆ ಹೇರಿದ್ದ ಕಡ್ಡಾಯ ದುಡಿತ ಕೊನೆಗೊಂಡದ್ದು 1838ರಲ್ಲಿ. ಕ್ಯೂಬಾದಲ್ಲಿ 1886ರವರೆಗೂ ಕಾಯಬೇಕಾಯಿತು. ಗುಲಾಮರ ಜಾಗಕ್ಕೆ ತಂದ ಭಾರತದ ಕರಾರು ಕೂಲಿಗಳ ಮೊದಲ ಹಡಗುಗಳು ಬ್ರಿಟಿಷ್ ಗಯಾನಾಕ್ಕೆ 1838ರಲ್ಲಿ, ಟ್ರಿನಿಡಾಡ್‌ಗೆ 1845ರಲ್ಲಿ ತಲುಪಿದವು.

ಕೆರಿಬಿಯನ್ ರಮ್ ಬಹುಪಾಲು ಕಾಕಂಬಿಯಿಂದ ಆಗುತ್ತದೆ. ಆದರೆ ಫ್ರಾನ್ಸಿಗೆ ಸೇರಿದ ಮಾರ್ಟಿನೀಕ್ ದ್ವೀಪದ ರಮ್ ಆಗ್ರಿಕೋಲ್ ಆಗುವುದು ಹಸಿ ಕಬ್ಬಿನ ಹಾಲಿನಿಂದ. 1996ರಲ್ಲಿ ಅದಕ್ಕೆ ಫ್ರಾನ್ಸಿನ ಮೂಲಸ್ಥಾನ ಮಾನ್ಯತೆಯೂ ಸಿಕ್ಕಿತು. ಕಾಕಂಬಿಯನ್ನು ತಿಂಗಳುಗಟ್ಟಲೆ ಕೂಡಿಡಬಹುದು, ವರ್ಷವಿಡೀ ಭಟ್ಟಿ ಇಳಿಸಬಹುದು. ಹಾಲನ್ನು ಹಾಗೆ ಇಡಲಾಗದು. ಆದ್ದರಿಂದ ಮಾರ್ಟಿನೀಕ್‌ನ ಭಟ್ಟಿಗಳು ಕಬ್ಬು ಕಟಾವಾಗುವ ತಿಂಗಳುಗಳಲ್ಲಷ್ಟೇ ಉರಿಯುತ್ತವೆ.