ಚೆಕ್ ಬೌನ್ಸ್ ಕೇಸ್ ಹಾಕೋದು ತಡವಾಯ್ತು, ವಜಾ ಆಗುತ್ತಾ?

ಪ್ರಶ್ನೆ: ಪರಿಚಯದವರಿಗೆ 2 ಲಕ್ಷ ಕೈಸಾಲ ಕೊಟ್ಟಿದ್ದೆ. ಅವರು ಕೊಟ್ಟ ಚೆಕ್ ಬೌನ್ಸ್ ಆಯ್ತು. ಲೀಗಲ್ ನೋಟಿಸ್ ಕಳಿಸಿದೆ. ಅಷ್ಟರಲ್ಲಿ ಡೆಂಗಿ ಬಂದು ಆಸ್ಪತ್ರೆ ಸೇರಿದೆ. ಈಗ ಕೋರ್ಟಿಗೆ ಹೋಗೋಣವೆಂದರೆ ಗಡುವು ಮುಗಿದು 12 ದಿನ ಆಗಿದೆ. ಕೇಸ್ ವಜಾ ಆಗುತ್ತಾ?

ಉತ್ತರ: ಆಗಲೇಬೇಕು ಅಂತಿಲ್ಲ. ತಪ್ಪಿದ್ದು ಯಾವ ಗಡುವು ಅನ್ನೋದು ಮುಖ್ಯ.

ಮೊದಲು ಲೆಕ್ಕ ನೋಡೋಣ. ಚೆಕ್ ಬೌನ್ಸ್ ಆಗಿದೆ ಅಂತ ತಿಳಿಸುವ ಬ್ಯಾಂಕಿನ ಮೆಮೊ ಮಾರ್ಚ್ 3ಕ್ಕೆ ಕೈಗೆ ಬಂತು ಅಂದುಕೊಳ್ಳಿ. 30 ದಿನದೊಳಗೆ, ಅಂದರೆ ಏಪ್ರಿಲ್ 2ರೊಳಗೆ ನೋಟಿಸ್ ಹೋಗಬೇಕು. ಅದು ಅವರಿಗೆ ಏಪ್ರಿಲ್ 8ಕ್ಕೆ ತಲುಪಿದರೆ, ಹಣ ಕೊಡಲು 23ರವರೆಗೆ 15 ದಿನ ಅವಕಾಶ. ಕೊಡದಿದ್ದರೆ 24ಕ್ಕೆ ನಿಮ್ಮ ದೂರಿಗೆ ಕಾರಣ ಹುಟ್ಟುತ್ತದೆ. ಕೋರ್ಟಿಗೆ ದೂರು ಕೊಡಲು ಆ ದಿನ ಬಿಟ್ಟು ಒಂದು ತಿಂಗಳು. ಮೇ 24 ಕೊನೆಯ ದಿನ. ತುಂಬಾ ಜನ ನೋಟಿಸ್ ಕಳಿಸಿದ ದಿನದಿಂದಲೇ ಎಣಿಸಿ ಸುಮ್ನೆ ಗಾಬರಿಯಾಗುತ್ತಾರೆ. ನೀವೂ ಒಮ್ಮೆ ಹೊಸದಾಗಿ ಎಣಿಸಿ ನೋಡಿ.

ನಿಮಗೆ ತಪ್ಪಿರುವುದು ಕೊನೆಯ ಒಂದು ತಿಂಗಳು. ಇದನ್ನು ಕೋರ್ಟ್ ಮನ್ನಾ ಮಾಡಬಹುದು. 2003ರ ಫೆಬ್ರವರಿಗಿಂತ ಮುಂಚೆ ಈ ಅವಕಾಶವೇ ಇರಲಿಲ್ಲ, ಒಂದು ದಿನ ತಡವಾದರೂ ಕಥೆ ಮುಗೀತಿತ್ತು. ಈಗ ದೂರಿನ ಜೊತೆಗೇ ವಿಳಂಬ ಮನ್ನಾ ಅರ್ಜಿ, ಅಫಿಡವಿಟ್ ಹಾಕಿ. ಕೇಸ್ ಬೀಳೋದು ಸಾಮಾನ್ಯವಾಗಿ ಇಲ್ಲೇ. "ಅನಾರೋಗ್ಯದ ಕಾರಣ ತಡವಾಯಿತು" ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಯಾವ ತಾರೀಖಿಗೆ ಅಡ್ಮಿಟ್ ಆದಿರಿ, ಯಾವತ್ತು ಡಿಸ್ಚಾರ್ಜ್, ಆಮೇಲೆ ಎಷ್ಟು ದಿನ ಮನೆಯಲ್ಲಿ ಮಲಗಿದ್ದಿರಿ, ವಕೀಲರನ್ನು ಯಾವಾಗ ಕಂಡಿರಿ, ಎಲ್ಲ ಬರೆಯಿರಿ. ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಅರ್ಜಿಯೇ ಇಲ್ಲದೆ ದೂರು ಕೊಟ್ಟರೆ, ಮುಂದೆ ಎದುರು ವಕೀಲರು ಅದೇ ಎಳೆ ಹಿಡಿದು ಎಳೆಯುತ್ತಾರೆ.

ನೋಟಿಸಿನ 30 ದಿನ ತಪ್ಪಿದ್ದರೆ ಮಾತು ಬೇರೆ. ಅದಕ್ಕೆ ಮನ್ನಾ ಇಲ್ಲ. ಒಂದು ದಾರಿ ಮಾತ್ರ ಉಳಿಯುತ್ತದೆ: ಚೆಕ್ಕಿನ 3 ತಿಂಗಳ ಅವಧಿ ಮುಗಿದಿಲ್ಲದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ಬೌನ್ಸ್ ಆದರೆ ಹೊಸ ನೋಟಿಸ್ ಕೊಡಿ. ಹೀಗೆ ಮಾಡಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ಅವಸರವೂ ಅಪಾಯ. ಆ 15 ದಿನ ಮುಗಿಯುವ ಮುಂಚೆಯೇ ಹಾಕಿದ ದೂರು ದೂರೇ ಅಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಡವಾದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬೇಗ ಹೋಗಿ ಸೋತವರ ಸುದ್ದಿ ಯಾರೂ ಎತ್ತಲ್ಲ.

ಇನ್ನೊಂದು ವಿಷಯ. ನೋಟಿಸ್ ಕವರ್ ವಾಪಸ್ ಬಂತಾ? ಬಂದಿದ್ದರೆ ಬಿಸಾಡಬೇಡಿ, ಒಡೆಯಲೂಬೇಡಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದು "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಅಂತ ಪೋಸ್ಟ್‌ಮ್ಯಾನ್ ಷರಾದೊಂದಿಗೆ ವಾಪಸ್ ಬಂದರೆ, ನೋಟಿಸ್ ತಲುಪಿದೆ ಅಂತಲೇ ಕೋರ್ಟ್ ಭಾವಿಸುತ್ತದೆ. 15 ದಿನದ ಲೆಕ್ಕಕ್ಕೆ ಆ ಷರಾದ ತಾರೀಖೇ ಬೇಕಾಗುತ್ತದೆ.

ಮನ್ನಾ ಅರ್ಜಿ ತಿರಸ್ಕಾರವಾದರೂ ಸಾಲ ವಜಾ ಆಗಲ್ಲ. ಹಣ ವಸೂಲಿಗೆ ಸಿವಿಲ್ ದಾವೆ ಹಾಕಬಹುದು. ಅದಕ್ಕೆ 3 ವರ್ಷ ಗಡುವು. ನೀವು ದುಡ್ಡು ಕೊಟ್ಟದ್ದು ಯಾವಾಗ ಅಂತ ಈಗಲೇ ನೋಡಿಕೊಳ್ಳಿ.